ಚೀಟಿ ಅಂಟಿಸದ ಸಾಬೂನು

ಮುಳ್ಳೇರಿಯದ ನನ್ನ ಅಂಗಡಿಗೆ ಫಾರಿನ್ ಸಾಬೂನಿನ ಪೆಟ್ಟಿಗೆ ಬಂದರೆ ಅದನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ನಾನೇ ಬಿಡಿಸುತ್ತೇನೆ, ಮೊದಲು ಮೂಸುತ್ತೇನೆ. ಅಸಲಿ ಮಾಲಿನ ಪರಿಮಳ ಮೆಲ್ಲಗೆ ಬರುತ್ತದೆ. ನಕಲಿಯದ್ದು ಬಾಗಿಲಲ್ಲೇ ನಿಂತು ಕೂಗುತ್ತದೆ. ನೀವೂ ಕೊಳ್ಳುವಾಗ ಮೂಸಿ ನೋಡಿ, ಕಾಗದದ ಬಣ್ಣವನ್ನು ನಂಬಬೇಡಿ. ಆ ಹಸಿರು ಕಾಗದದ ಒಳಗಿನಿಂದ ವಾಸನೆ ಏಳುವಾಗ ಕುಂಬ್ಡಾಜೆಯ ಗುಡ್ಡದ ಬದಿಯಲ್ಲಿದ್ದ ನಮ್ಮ ಹೆಂಚಿನ ಮನೆ ಕಣ್ಣಿಗೆ ಕಟ್ಟುತ್ತದೆ: ಉದುರಿದ ಗೇರುಹಣ್ಣು ಹುಳಿಯಾಗಿ ನಾರುವ ಅಂಗಳ, ಜಗಲಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ದಾರಿಯಲ್ಲಿ ಹೋಗುವವರನ್ನೆಲ್ಲ ಅಳೆಯುತ್ತಿದ್ದ ಅಜ್ಜಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದ ಅಮ್ಮ. ಆ ಮನೆಯಲ್ಲಿ ಗಂಡಸರ ಅಂಗಿ ಒಂದೇ ಒಂದಿತ್ತು. ಅದು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು, ಅಜ್ಜಿ ಅದನ್ನು ಆಗಾಗ ಒಗೆದು ಒಣಗಿಸಿ ಮತ್ತೆ ಅಲ್ಲಿಗೇ ತೂಗುಹಾಕುತ್ತಿದ್ದರು.

ಅಂಗಿ ಮಾವನದ್ದು, ಅಂದರೆ ಅಮ್ಮನ ತಮ್ಮನದ್ದು. ಕಲ್ಲಿಕೋಟೆಯ ಕಡೆ ಹೋಟೆಲ್ ಕೆಲಸಕ್ಕೆ ಹೋದವನು ಅಲ್ಲಿ ಒಂದು ಹೊಡೆದಾಟದಲ್ಲಿ ಸೇರಿಕೊಂಡ. ಒಬ್ಬ ಸತ್ತ, ಹೊಡೆದ ಕೈಗಳಲ್ಲಿ ಮಾವನದ್ದೂ ಇತ್ತು. ಶಿಕ್ಷೆಯಾಗಿ ಕಣ್ಣೂರಿನ ಜೈಲಿಗೆ ಬಂದ. ನಮ್ಮ ಊರಿನವರಿಗೆ ಅಜ್ಜಿ ಹೇಳಿದ್ದು ಮಾತ್ರ ಬೇರೆ: "ಅವ ಗಲ್ಫಿಗೆ ಹೋದ." ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ನಮ್ಮ ಕಡೆ ಮಗ ಗಲ್ಫಿನಲ್ಲಿದ್ದರೆ ಊರಿಗೆ ಬರುವವರ ಕೈಯಲ್ಲಿ ಏನಾದರೂ ಕಳಿಸಬೇಕು, ಅದು ನೆರೆಮನೆಗೂ ಮುಟ್ಟಬೇಕು. ಸಾಬೂನು, ಖರ್ಜೂರ, ತಲೆನೋವಿನ ಎಣ್ಣೆ. ಮುಟ್ಟದಿದ್ದರೆ ಜನ ಲೆಕ್ಕ ಹಾಕಲು ಶುರು ಮಾಡುತ್ತಾರೆ. ಹಾಗಾಗಿ ಅಮ್ಮ ತಿಂಗಳಿಗೊಮ್ಮೆ ಮಾವನನ್ನು ನೋಡಲು ಹೋದವಳು ವಾಪಸು ಬರುವಾಗ ಕಾಸರಗೋಡಿನಲ್ಲಿ ರೈಲು ಇಳಿದು, ಫಾರಿನ್ ಸಾಮಾನಿನ ಅಂಗಡಿಗೆ ಹೊಕ್ಕು, ಮುಳ್ಳೇರಿಯದ ಬಸ್ಸು ಹತ್ತುತ್ತಿದ್ದಳು. ಶಾಲೆಗೆ ರಜೆ ಇದ್ದರೆ ನಾನೂ ಜೊತೆಗೆ. ಚೌಕಾಸಿ ಮಾಡಲು ನಾನು ಕಲಿತದ್ದು ಆ ಅಂಗಡಿಯ ಗಾಜಿನ ಕಪಾಟಿನ ಮುಂದೆ. ಅಮ್ಮನಿಗೆ ನಾಚಿಕೆ, ನನಗೆ ಇರಲಿಲ್ಲ. ಬೇಡ ಎಂದು ತಿರುಗಿ ಮೂರು ಹೆಜ್ಜೆ ನಡೆದರೆ ಅಂಗಡಿಯವನು ಕರೆದೇ ಕರೆಯುತ್ತಾನೆ; ಈಗ ನಾನೂ ಕರೆಯುತ್ತೇನೆ.

ಜೈಲಿನ ಹೊರಗೆ ಒಳಗಿನವರೇ ಮಾಡಿದ ಚಪಾತಿ ಮಾರುತ್ತಿದ್ದರು. ಮಾವನಿಗೆ ಲಟ್ಟಿಸುವ ಕೆಲಸ ಸಿಕ್ಕಿತ್ತು. ಅಮ್ಮ ಒಂದು ಕಟ್ಟು ತರುತ್ತಿದ್ದಳು. ಮೊಣಕಾಲಿನ ದೆಸೆಯಿಂದ ಬಸ್ಸಿನ ಮೆಟ್ಟಿಲು ಕೂಡ ಹತ್ತಲಾಗದ ಅಜ್ಜಿ ಆ ಚಪಾತಿಗಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ಅಂಚು ಸವರಿ, ಅತ್ಯಂತ ದುಂಡಗಿನದನ್ನು ಬೇರೆ ಇಡುತ್ತಿದ್ದರು. "ಇದು ಅವನದ್ದು." ಅದನ್ನು ನನಗೂ ಕೊಡುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಒಂದೇ: ಮಗ ಒಮ್ಮೆ ಈ ಅಂಗಳಕ್ಕೆ ಬರಬೇಕು, ತನ್ನ ಕೈಯ ಗಂಜಿ ಉಣ್ಣಬೇಕು.

ಅಂಗಳದಾಚೆ ಕಮಲಕ್ಕನ ಮನೆ. ನಮ್ಮ ಮೂವರ ಸಂಶಯವೆಲ್ಲ ಹೋಗಿ ಸುತ್ತಿಕೊಳ್ಳುತ್ತಿದ್ದದ್ದು ಅವರ ಸೆರಗಿಗೆ. ಅವರು ಬೇಲಿಯ ಹತ್ತಿರ ಬಂದರೆ ಅಮ್ಮ ಫೋನು ಮಗುಚಿ ಇಡುತ್ತಿದ್ದಳು, ಯಾಕೆಂದರೆ ಜೈಲಿನಿಂದ ಬರುವ ಕರೆಯಲ್ಲಿ ಕಣ್ಣೂರಿನ ನಂಬರು ಕಾಣುತ್ತಿತ್ತು.

"ಎಂತ ಮಾರಾಯ್ತಿ, ನಿನ್ನ ತಮ್ಮ ವಿಡಿಯೋದಲ್ಲಿ ಬರುವುದಿಲ್ಲವಾ? ನಮ್ಮ ಭಾವನ ಮಗ ಅಲ್ಲಿ ಬೇಯಿಸಿದ ಅನ್ನವನ್ನೂ ತೋರಿಸ್ತಾನೆ."

"ಅವ ಇರುವಲ್ಲಿ ಬರೀ ಮರಳು, ನೆಟ್ ಸಿಗುವುದಿಲ್ಲ ಕಮಲಕ್ಕ."

"ಹಾಗಾ? ಮರಳಿನಲ್ಲಿ ಸಾಬೂನು ಮಾತ್ರ ಒಳ್ಳೆದು ಸಿಗ್ತದೆ."

ಹೀಗೆ ಹೇಳಿ ನಗುತ್ತ ಹೋಗುತ್ತಿದ್ದರು. ಆ ನಗುವನ್ನು ನಾವು ಸಂಜೆಯವರೆಗೆ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆವು. "ಅವಳಿಗೆ ವಾಸನೆ ಹೊಡೆದಿದೆ," ಎನ್ನುತ್ತಿದ್ದರು ಅಜ್ಜಿ.

ಕೊನೆಗೆ ಮಾವ ಪರೋಲಿಗೆ ಅರ್ಜಿ ಹಾಕಿದ. ಅಂಗಿಗೆ ಇಸ್ತ್ರಿ ಬಿತ್ತು. ನಿಮ್ಮವರು ಯಾರಾದರೂ ಒಳಗಿದ್ದರೆ ಇದೊಂದು ತಿಳಿದಿರಿ: ಪರೋಲು ಬರೀ ಜೈಲಿನೊಳಗೆ ಆಗುವ ಸಂಗತಿಯಲ್ಲ, ಇವನು ಬಂದರೆ ಅಡ್ಡಿ ಉಂಟಾ ಎಂದು ಊರಿನಲ್ಲೂ ಕೇಳಿ ಹೋಗುತ್ತಾರೆ. ನಮಗೆ ಆಗ ಇದನ್ನು ಹೇಳುವವರಿರಲಿಲ್ಲ. ವಿಚಾರಣೆಗೆ ಬಂದ ಆಫೀಸರು ದಾರಿ ಕೇಳಲು ಮೊದಲು ಹೊಕ್ಕದ್ದೇ ಕಮಲಕ್ಕನ ಮನೆಗೆ. ಅಲ್ಲಿಂದ ನಮ್ಮಲ್ಲಿಗೆ ಬಂದು, ಮಲಯಾಳದಲ್ಲಿ, ಸಿಟ್ಟಿಲ್ಲದೆ ಕೇಳಿದರು: ಪಕ್ಕದ ಮನೆಯವರು ಆತ ಗಲ್ಫಿನಲ್ಲಿದ್ದಾನೆ, ಜೈಲಿಗೂ ಅವನಿಗೂ ಸಂಬಂಧವೇ ಇಲ್ಲ ಎಂದು ದೇವರಾಣೆ ಹಾಕುತ್ತಾರಲ್ಲ, ಇದೇನು? ಅಮ್ಮ ಏನೋ ತೊದಲಿದಳು. ಪಕ್ಕದ ಮನೆಯಲ್ಲಿ ಕೇಳಿದ್ದನ್ನೇ ಅವರು ಬರೆದುಕೊಂಡು ಹೋದರು. ಊರಿನಲ್ಲಿ ಆತನ ಬಗ್ಗೆ ತಿಳಿದವರಿಲ್ಲ ಎಂಬ ಕಾರಣಕ್ಕೆ ಅರ್ಜಿ ವಾಪಸಾಯಿತು.

"ನಮ್ಮ ಸುಳ್ಳನ್ನೇ ಕಲ್ಲು ಮಾಡಿ ನಮಗೇ ಹೊಡೆದಳು ನೋಡು," ಎಂದರು ಅಜ್ಜಿ. ಆ ದಿನದಿಂದ ಬೇಲಿಯಲ್ಲಿ ಓಡಾಡುವ ಕಂಡಿಗೆ ಮುಳ್ಳು ಬಿತ್ತು. ಸಾಬೂನು ನಿಂತಿತು. ಅಮ್ಮ ಮತ್ತೆ ಅರ್ಜಿಗೆ ಓಡಾಡುತ್ತಿದ್ದಂತೆ ಮಳೆಗಾಲ ಹಿಡಿಯಿತು, ಅಜ್ಜಿಗೆ ಜ್ವರ ಹಿಡಿಯಿತು. ಎರಡನೇ ಅರ್ಜಿ ಮಂಜೂರಾಗುವವರೆಗೆ ಅವರು ಕಾಯಲಿಲ್ಲ.

ಮಾವ ಬಂದ, ಆದರೆ ಚಿತೆಗೆ ಬೆಂಕಿ ಕೊಡಲು, ಮಫ್ತಿಯ ಇಬ್ಬರು ಪೊಲೀಸರ ನಡುವೆ. ಸೇರಿದ್ದ ಜನ ಬದಿಗೆ ಸರಿದು ದಾರಿ ಬಿಟ್ಟರು. ಕೂದಲು ಸಣ್ಣಗೆ ಕತ್ತರಿಸಿ, ಬಿಸಿಲು ಕಾಣದೆ ಬೆಳ್ಳಗಾಗಿದ್ದ ಅವನನ್ನು ನೋಡಿ ಎಲ್ಲರೂ ಏನು ಯೋಚಿಸುತ್ತಿದ್ದಾರೆಂದು ಹೇಳಲು ಯಾರೂ ಬೇಕಿರಲಿಲ್ಲ. ಆಗ ಮುಳ್ಳು ಸರಿಸಿ ಕಮಲಕ್ಕ ಬಂದರು, ಕೈಯಲ್ಲಿ ಚಹಾದ ತಟ್ಟೆ. ಅಮ್ಮ ನನ್ನ ತೋಳು ಹಿಡಿದ ಹಿಡಿತ ಇನ್ನೂ ನೆನಪುಂಟು. ಕಮಲಕ್ಕ ಮಾವನ ಎದುರು ನಿಂತು, ಅಂಗಳಕ್ಕೆಲ್ಲ ಕೇಳುವಂತೆ ಕೇಳಿದರು.

"ವಿಮಾನ ಎಷ್ಟೊತ್ತಿಗೆ ಇಳಿಯಿತು ಮಗಾ? ಅಮ್ಮ ಕಾದರು ನಿನ್ನನ್ನು."

ಮಾವ ಅವರ ಮುಖ ನೋಡಿದ. "ಬೆಳಿಗ್ಗೆ, ಕಮಲಕ್ಕ."

"ಇವರು ನಿನ್ನ ಕಂಪೆನಿಯವರಾ? ತಕೊಳ್ಳಿ, ಚಹಾ ಕುಡಿಯಿರಿ."

ಪೊಲೀಸರಲ್ಲಿ ಹಿರಿಯನಾದವನು ಲೋಟ ತೆಗೆದುಕೊಂಡ. "ಹೌದಮ್ಮ, ಕಂಪೆನಿಯವರೇ." ಅಷ್ಟರವರೆಗೆ ಅಳದಿದ್ದ ಅಮ್ಮ ಆಗ ಅತ್ತಳು.

ಅಜ್ಜಿಯ ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ಕಮಲಕ್ಕ ನನ್ನನ್ನು ಬಾವಿಕಟ್ಟೆಯಲ್ಲಿ ಕೂರಿಸಿಕೊಂಡು ಹೇಳಿದರು: "ಮೊದಲನೇ ಸಲ ನಿನ್ನ ಅಜ್ಜಿ ಕೊಟ್ಟ ಸಾಬೂನಿನಲ್ಲೇ ಕಾಸರಗೋಡಿನ ಅಂಗಡಿಯ ಬೆಲೆಚೀಟಿ ಇತ್ತು. ಅವರಿಗೆ ಕಣ್ಣು ಮಂಜು, ಕಂಡಿರಲಿಕ್ಕಿಲ್ಲ. ಇನ್ನೊಬ್ಬರು ನೋಡುವ ಮೊದಲು ಕಿತ್ತು ಒಲೆಗೆ ಹಾಕಿದೆ. ಆಮೇಲೆ ಜೈಲಿನ ವಿಷಯವೂ ಒಂದೊಂದಾಗಿ ಗೊತ್ತಾಯಿತು. ಆ ಆಫೀಸರು ಬಂದಾಗ ಮರ್ಯಾದೆ ಉಳಿಸಿದೆ ಎಂದೇ ಎಣಿಸಿದ್ದೆ ಹೆಣ್ಣೇ. ಅವ ಒಳ್ಳೆದು ಮಾಡಲು ಬಂದವನೆಂದು ನನಗೆಂತ ಗೊತ್ತು?"

ಹಾಗಾಗಿ ಹೇಳುತ್ತೇನೆ, ಕೇಳುವ ಮನಸ್ಸಿದ್ದರೆ ಕೇಳಿ. ಮನೆಯವರೊಬ್ಬರು ಒಳಗಿದ್ದರೆ ತಿಂಗಳ ಭೇಟಿ ತಪ್ಪಿಸಬೇಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಬಿಡಿಸಿ ತರುತ್ತೇನೆಂದು ಬರುವ ದಲ್ಲಾಳಿಯನ್ನು ಅಂಗಳದಿಂದಲೇ ಕಳಿಸಿ. ಊರಿಗೆಲ್ಲ ಸುಳ್ಳು ಹೇಳುವುದಾದರೆ ಹೇಳಿ, ಅದಕ್ಕೆ ನಾನು ತಪ್ಪು ಹುಡುಕುವುದಿಲ್ಲ. ಪಕ್ಕದ ಮನೆಯ ಒಬ್ಬರಿಗಾದರೂ ನಿಜ ಹೇಳಿಡಿ. ನಾನು ಇವತ್ತಿಗೂ ಎಲ್ಲರನ್ನೂ ಸಂಶಯದಿಂದಲೇ ನೋಡುವವಳು, ವ್ಯಾಪಾರದಲ್ಲಿ ಅದು ಬೇಕು. ಆದರೆ ಬೇಲಿಗೆ ಹಾಕಿದ ಮುಳ್ಳು ನೆನಪಾದಾಗ ಕೈ ಸ್ವಲ್ಪ ತಡೆಯುತ್ತದೆ.

ಮಾವ ಬಿಡುಗಡೆಯಾಗಿ ಕಣ್ಣೂರಿನ ಕಡೆಯೇ ಒಂದು ಹೋಟೆಲಿನಲ್ಲಿ ಚಪಾತಿ ಲಟ್ಟಿಸುತ್ತಾನೆ. ಅಮ್ಮ ಈಗ ನನ್ನ ಜೊತೆ ಮುಳ್ಳೇರಿಯದಲ್ಲಿದ್ದಾಳೆ. ಗುಡ್ಡದ ಮನೆ ಕೊಟ್ಟೆವು, ಕೊಂಡವರು ಕೆಡವಿ ರಬ್ಬರ್ ನೆಟ್ಟರು; ಮೊಳೆ ಇದ್ದ ಗೋಡೆಯ ಜಾಗ ಯಾವುದೆಂದು ನನಗೂ ಗುರುತು ಸಿಗುವುದಿಲ್ಲ. ಕಮಲಕ್ಕ ಹೋದ ವರ್ಷ ತೀರಿಕೊಂಡರು. ಪೆಟ್ಟಿಗೆ ಬಿಡಿಸಿದ ದಿನ ನಾನು ಕೂತು ಪ್ರತಿಯೊಂದು ಸಾಬೂನಿಗೂ ಬೆಲೆಚೀಟಿ ಅಂಟಿಸುತ್ತೇನೆ. ಒಂದಕ್ಕೆ ಅಂಟಿಸುವುದಿಲ್ಲ. ಅದು ಕಪಾಟಿನ ಮೇಲಿನ ಹಲಗೆಯಲ್ಲಿ ಇರುತ್ತದೆ. ಗಿರಾಕಿಗಳು ಕೇಳಿದರೆ, ಅದು ಕೊಡಲಿಕ್ಕಿಲ್ಲ, ಪಕ್ಕದ ಮನೆಯದ್ದು ಎನ್ನುತ್ತೇನೆ.