ಲುಡೊವಿನಕ್ಕನ ಕೈಗೆ ಬಂದ ಚುಕ್ಕಾಣಿ

ಹುಟ್ಟು ಹಾಕುವವರು ದೋಣಿಯ ಹಿಂಭಾಗಕ್ಕೆ ಮುಖ ಮಾಡಿ ಕೂರುತ್ತಾರೆ. ಮುಂದೆ ಬಂಡೆ ಇದೆಯೋ, ಎದುರಾಳಿ ಇದ್ದಾರೋ, ಒಂದೂ ಕಾಣುವುದಿಲ್ಲ. ಹಿಂದುಗಡೆ ನಿಂತು ಚುಕ್ಕಾಣಿ ಹಿಡಿದವರ ಮುಖ ನೋಡಿಯೇ ಎಲ್ಲ ತಿಳಿದುಕೊಳ್ಳಬೇಕು. ಹನ್ನೆರಡು ವರ್ಷ ನಾನು ಸೆರಾಫಿಂ ಮೇಸ್ತ್ರಿಯ ಮುಖ ನೋಡಿದೆ. ಅಲ್ಲಿ ಮೀಸೆ ಬಿಟ್ಟರೆ ಬೇರೇನೂ ಬರೆದಿರುತ್ತಿರಲಿಲ್ಲ. ಗೆದ್ದರೂ ಅದೇ ಮೀಸೆ, ಸೋತರೂ ಅದೇ. ಅದಿರಲಿ, ಗೆದ್ದದ್ದಾದರೂ ಎಲ್ಲಿ? ನಡುಸಾಗರದ ಪಿಕೊ ದ್ವೀಪದ ಹೆಂಗಸರ ದೋಣಿಪಂದ್ಯಗಳಲ್ಲಿ ನಮ್ಮ ದೋಣಿ 'ಸಾಂತಾ ಇರಿಯ' ಯಾವಾಗಲೂ ಕೊನೆಯದು. ಬಹಳ ಪುಣ್ಯವಿದ್ದ ವರ್ಷ ಕೊನೆಯಿಂದ ಎರಡನೆಯದು.

ಆದರೆ ಆ ಆಗಸ್ಟ್ ಭಾನುವಾರ ನಾನು ನೋಡಿದ್ದು ಲುಡೊವಿನಕ್ಕನ ಮುಖ.

ಲುಡೊವಿನಕ್ಕನಿಗೆ ಆಗ ಐವತ್ತೈದು. ಕುಳ್ಳಗೆ, ಗಟ್ಟಿಯಾಗಿ, ಬಿಸಿಲಿಗೆ ಕಂದಿದ ಮೈ. ಕೆಲಸ ದ್ರಾಕ್ಷಿ ತೋಟದಲ್ಲಿ. ನಮ್ಮ ಕಡೆ ತೋಟವೆಂದರೆ ಕಪ್ಪು ಲಾವಾ ಕಲ್ಲಿನ ಮೊಣಕಾಲೆತ್ತರದ ಪಾಗಾರಗಳು, ಒಂದರ ಪಕ್ಕ ಒಂದು, ಸಮುದ್ರದ ನೊರೆ ಸಿಡಿಯುವವರೆಗೂ. ಪ್ರತಿ ಪಾಗಾರದೊಳಗೆ ನಾಲ್ಕೈದು ಬಳ್ಳಿ. ಅವಳು ಅವುಗಳ ನಡುವೆ ಕುಕ್ಕರುಗಾಲಲ್ಲಿ ಸರಿಯುತ್ತ, ಕಾದ ಕಲ್ಲಿಗೆ ತಗುಲಿದ ಗೊನೆಗಳನ್ನು ಎತ್ತಿ ಕವಲುಕಡ್ಡಿಯ ಮೇಲಿಡುತ್ತ, ದಿನಕ್ಕೆ ನೂರು ಸಲ ತಲೆಯೆತ್ತಿ ಸಮುದ್ರ ನೋಡುತ್ತಿದ್ದಳು. ತೋಟದ ಯಜಮಾನ ಒಮ್ಮೆ, "ಏನಮ್ಮಾ, ಸಮುದ್ರ ಓಡಿಹೋಗುತ್ತೆ ಅಂತ ಭಯಾನಾ?" ಎಂದು ಕೇಳಿದ್ದನಂತೆ. "ಸಮುದ್ರ ಎಲ್ಲೂ ಹೋಗಲ್ಲ ಸ್ವಾಮಿ, ನನ್ನನ್ನ ಕರ್ಕೊಂಡು ಹೋಗುತ್ತೇನೋ ಅಂತ ಆಸೆ," ಎಂದಳಂತೆ ಇವಳು.

ಆ ಆಸೆ ಅಪ್ಪನಿಂದ ಬಂದದ್ದು. ಅಪ್ಪ ಕಾವಲುಗಾರ. ತೋಟಗಳ ಮೇಲಿನ ಗುಡ್ಡದಲ್ಲಿ ಒಂದು ಬಿಳಿ ಗೂಡು, ಅದಕ್ಕೊಂದು ಉದ್ದ ಕಿಂಡಿ, ಕಿಂಡಿಯಲ್ಲಿ ದುರ್ಬೀನು. ಬೆಳಗಿನಿಂದ ಸಂಜೆಯವರೆಗೆ ತಿಮಿಂಗಿಲದ ಉಸಿರಿಗಾಗಿ ನೀರನ್ನು ಸೋಸುವುದೇ ಅವರ ಕೆಲಸ. ಕಂಡೊಡನೆ ಬಾಣಬಿರುಸು ಹಾರಿಸುತ್ತಿದ್ದರು. ಸದ್ದು ಕೇಳಿದ್ದೇ ತಡ, ಕೆಳಗೆ ತೋಟದಲ್ಲಿದ್ದ ಗಂಡಸರೆಲ್ಲ ಕತ್ತರಿ, ಬುಟ್ಟಿ ಬಿಸಾಕಿ ಪಾಗಾರಗಳನ್ನು ಹಾರಿಕೊಂಡು ದೋಣಿಗೆ ಓಡುತ್ತಿದ್ದರು. ಮಧ್ಯಾಹ್ನದ ಸೂಪು, ಜೋಳದ ರೊಟ್ಟಿ ಹೊತ್ತು ಗೂಡಿಗೆ ಹೋಗುತ್ತಿದ್ದ ಲುಡೊವಿನ ಅಲ್ಲೇ ಉಳಿದು, ಅಪ್ಪನ ಮೊಣಕೈ ಕೆಳಗಿನಿಂದ ತಲೆ ತೂರಿಸಿ ಎಲ್ಲವನ್ನೂ ಮೇಲಿನಿಂದ ನೋಡುತ್ತಿದ್ದಳು. ಹುಡುಗಿಯರು ದೋಣಿ ಮುಟ್ಟುವಂತಿರಲಿಲ್ಲ. ನೋಡುವುದಕ್ಕೆ ಯಾರ ತಡೆಯೂ ಇರಲಿಲ್ಲ.

ಮುಂದೆ ತಿಮಿಂಗಿಲದ ಬೇಟೆ ನಿಂತಿತು. ದೋಣಿಗಳು ಕೊಟ್ಟಿಗೆಗಳಲ್ಲಿ ಒಣಗಿ ಬಿರಿದವು. ಇನ್ನೂ ಕೆಲವು ವರ್ಷ ಕಳೆದ ಮೇಲೆ ಊರೂರಿನವರು ಅವನ್ನು ಹೊರಗೆಳೆದು, ಹಲಗೆ ಬದಲಿಸಿ, ಬಣ್ಣ ಬಳಿದು, ಪಂದ್ಯಕ್ಕೆ ಇಳಿಸಿದರು. ಈಟಿಯಿದ್ದ ಜಾಗದಲ್ಲಿ ಈಗ ನೀರಿನ ಬಾಟಲಿ. ಲುಡೊವಿನ ಮದುವೆಯಾದದ್ದು ವೆನಾನ್ಸಿಯುವನ್ನು. ಆಸಾಮಿ ಒಳ್ಳೆಯವನು, ಆದರೆ ಸುತ್ತಲೂ ನೀರಿರುವ ದ್ವೀಪದಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡುವವನು. ಹೀಗಾಗಿ ನಲವತ್ತನಾಲ್ಕರವರೆಗೆ ಅವಳ ಸಮುದ್ರವೆಲ್ಲ ಪಾಗಾರದ ಈಚೆಯಿಂದ ನೋಡಿದ್ದೇ ಆಯಿತು.

ಅವಳು ಮೊದಲ ಸಲ ದೋಣಿಮನೆಗೆ ಬಂದ ಸಂಜೆ ನಾನಲ್ಲಿದ್ದೆ. ನಾನು ಊರ ಬೇಕರಿಯವಳು. ಕೆಲಸ ಮುಗಿಸಿ ಹುಟ್ಟು ಹಾಕಲು ಹೋಗುತ್ತಿದ್ದೆ. ಲುಡೊವಿನಕ್ಕ ತೋಟದಿಂದ ನೇರವಾಗಿ ಬಂದಿದ್ದಳು. ಸೊಂಟದಲ್ಲಿ ಕತ್ತರಿ ಹಾಗೇ ಇತ್ತು.

"ಏನವ್ವಾ, ದೋಣಿಗೂ ಚಿಗುರು ಕತ್ತರಿಸೋಕೆ ಬಂದ್ಯಾ?" ಎಂದರು ಸೆರಾಫಿಂ ಮೇಸ್ತ್ರಿ.

"ಒಂದು ಹುಟ್ಟು ಖಾಲಿ ಇದೆಯಂತಲ್ಲ."

"ಇದೆ. ಆದ್ರೆ ಅದು ಹುಡುಗೀರಿಗೆ."

"ಹುಡುಗೀನೇ ಮೇಸ್ತ್ರಿ. ಸ್ವಲ್ಪ ತಡವಾಗಿ ಬಂದಿದೀನಿ ಅಷ್ಟೆ."

ಅಂದಿನಿಂದ ಹನ್ನೊಂದು ವರ್ಷ ಅವಳು ಮೂರನೇ ಹಲಗೆಯಲ್ಲಿ ಕೂತು ಎಳೆದಳು. ಆದರೆ ಕಣ್ಣು ಮಾತ್ರ ಚುಕ್ಕಾಣಿಯ ಮೇಲೆ. ಐದನೆಯ ವರ್ಷ ಪೀಡಿಸಿ ಪೀಡಿಸಿ ಒಂದು ಸಂಜೆ ಅಭ್ಯಾಸದಲ್ಲಿ ಅದನ್ನು ಕೈಗೆ ತೆಗೆದುಕೊಂಡಳು. ಖುಷಿಯಲ್ಲಿ ಕೂಗುತ್ತ, ನಗುತ್ತ, ದೋಣಿ ನಿಲ್ಲುವ ಧಕ್ಕೆಯ ಹೊರಗಿನ ಬಂಡೆಗೆ ದೋಣಿಯನ್ನು ಸರಿಯಾಗಿ ಗುದ್ದಿಸಿದಳು. ಎರಡು ಹಲಗೆ ಸೀಳಿದವು. 'ಸಾಂತಾ ಇರಿಯ' ಆ ಬೇಸಿಗೆಯೆಲ್ಲ ಬಡಗಿಯ ಅಂಗಳದಲ್ಲಿ ಮಲಗಿತು. ಮೇಸ್ತ್ರಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಚುಕ್ಕಾಣಿಯನ್ನು ಒಳಕೋಣೆಯಲ್ಲಿಟ್ಟು ಬೀಗ ಹಾಕಿದರು. ಲುಡೊವಿನಕ್ಕ ಮತ್ತೆ ಕೇಳಲಿಲ್ಲ.

ಅವಳ ಹನ್ನೊಂದನೆಯ ವರ್ಷದ, ಆ ಆಗಸ್ಟ್ ಭಾನುವಾರದ ಪಂದ್ಯ ನಮ್ಮ ಊರ ಕೊಲ್ಲಿಯಲ್ಲೇ. ಧಕ್ಕೆಯ ಮೇಲೆ ಜನವೋ ಜನ. ಬ್ಯಾಂಡಿನವರು, ಸುಟ್ಟ ಕಲ್ಲುಚಿಪ್ಪಿನ ವಾಸನೆ, ಬೆಳ್ಳುಳ್ಳಿ, ತಂಪು ಬಿಳಿ ವೈನಿನ ಲೋಟಗಳು. ಐದು ಊರ ಐದು ದೋಣಿ. ನಾವು ಏಳು ಜನ ದೋಣಿಯನ್ನು ಇಳಿಜಾರಿನಲ್ಲಿ ನೀರಿಗೆ ತಳ್ಳುತ್ತಿದ್ದಾಗ ಸೆರಾಫಿಂ ಮೇಸ್ತ್ರಿ ಪಾಚಿಯ ಮೇಲೆ ಕಾಲಿಟ್ಟರು. ಕಾಲು ಒಂದು ಕಡೆ, ಮೊಣಕಾಲು ಇನ್ನೊಂದು ಕಡೆ ಹೋಯಿತು.

"ಮೇಸ್ತ್ರಿ, ಏಳೋಕಾಗುತ್ತಾ?"

"ಏಳ್ತೀನಿ, ಏಳ್ತೀನಿ... ಅಯ್ಯಯ್ಯೋ! ಮುಟ್ಬೇಡ್ರೇ!"

ಮೊಣಕಾಲು ಆಗಲೇ ಕುಂಬಳಕಾಯಿ. ಪಂದ್ಯಕ್ಕೆ ಇನ್ನು ಕಾಲು ಗಂಟೆ. ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಚುಕ್ಕಾಣಿ ಹಿಡಿಯಬಹುದಿತ್ತು. ಆದರೆ ಯಾರು? ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ಎಲ್ಲರ ಕಣ್ಣೂ ಒಂದೇ ಕಡೆ ಹೋಗಿ ನಿಂತವು.

"ಬೇಡ," ಎಂದರು ಮೇಸ್ತ್ರಿ ನೆಲದಿಂದಲೇ. "ಆ ಬಂಡೆ ಇನ್ನೂ ಅಲ್ಲೇ ಇದೆ ಲುಡೊವಿನ."

"ಇದೆ ಮೇಸ್ತ್ರಿ. ಅದೆಲ್ಲಿದೆ ಅಂತ ಈ ಊರಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ."

ಮೇಸ್ತ್ರಿಗೆ ನೋವಿನಲ್ಲೂ ನಗು ತಡೆಯಲಾಗಲಿಲ್ಲ. "ಹಾಳಾಗೋಗಿ, ಹತ್ತಿ," ಎಂದರು. ಲುಡೊವಿನಕ್ಕನ ಹಲಗೆಗೆ ಪಟ್ಟಿಯಲ್ಲಿ ಹೆಚ್ಚುವರಿಯಾಗಿದ್ದ ಅಂಗಡಿಯ ಜಸಿಂತ ಬಂದು ಕೂತಳು. ಧಕ್ಕೆಯ ತುದಿಯಲ್ಲಿ ವೆನಾನ್ಸಿಯು ಎರಡೂ ಕೈಯಿಂದ ಟೋಪಿ ಹಿಂಡುತ್ತಿದ್ದ. ಅವನ ಮುಖ ನೋಡಿದರೆ ಅವನೇ ದೋಣಿಯಲ್ಲಿದ್ದಾನೆ ಅನ್ನಿಸುತ್ತಿತ್ತು.

ನನ್ನದು ಕೊನೆಯ ಹಲಗೆ. ಲುಡೊವಿನಕ್ಕನ ಮೊಣಕಾಲು ನನ್ನ ಮೂಗಿನಿಂದ ಎರಡು ಮೊಳ. ಅವಳು ಬರಿಗಾಲಲ್ಲಿ ನಿಂತು, ಉದ್ದನೆಯ ಚುಕ್ಕಾಣಿಯನ್ನು ಕಂಕುಳಿಗೆ ಅವುಚಿಕೊಂಡಳು. ಎರಡು ಸಲ ಹಿಡಿತ ಬದಲಿಸಿದಳು. "ಅಕ್ಕಾ, ಭಯಾನಾ?" ಎಂದು ಮೆಲ್ಲಗೆ ಕೇಳಿದೆ. "ಸುಮ್ನೆ ಎಳಿಯೇ ಬ್ರೆಡ್ಡಿನವಳೇ," ಎಂದಳು.

ಬಾಣಬಿರುಸು ಹಾರಿತು. ಎಳೆದೆವು!

ಮೊದಲ ಇಪ್ಪತ್ತು ಎಳೆತ ನನಗೆ ನೆನಪಿಲ್ಲ. ನೆನಪಿರುವುದು ಅವಳ ದನಿ. "ಹೂಂ! ಹೂಂ! ಜಸಿಂತಾ, ಅಂಗಡಿ ಬಾಗಿಲು ಎಳೀತಿದ್ದೀಯಾ? ಬೆನ್ನಿಂದ ಎಳಿ! ಹಿಟ್ಟು ನಾದು ಬ್ರೆಡ್ಡಿನವಳೇ, ನಾದು!" ಬಂಡೆ ಬಲಗಡೆ ಹುಟ್ಟುಗಳ ತುದಿಯಿಂದ ನಾಲ್ಕು ಮೊಳದಲ್ಲಿ ಸರಿದುಹೋಯಿತು. ಅವಳು ಅದಕ್ಕೆ ತಲೆಬಾಗಿ ನಮಸ್ಕಾರ ಮಾಡಿದಳು, ನಿಜವಾಗಿ! ನಮಗೆ ನಗು ಬಂದು ಒಂದು ಎಳೆತ ತಪ್ಪಿತು. ತಿರುವಿನ ಕಿತ್ತಳೆ ಬಣ್ಣದ ತೇಲುಗುಂಡು ಕೊಲ್ಲಿಯಿಂದ ಒಂದು ಕಿಲೋಮೀಟರು ಆಚೆ. ಅಲ್ಲಿ ನಾವು ನಾಲ್ಕನೆಯವರಾಗಿ ತಿರುಗಿದೆವು, ಅದೂ ವಿಪರೀತ ಅಗಲವಾಗಿ. ಮುಂದೆ ಮೂರು ದೋಣಿ. ಇನ್ನು ಧಕ್ಕೆಯವರೆಗೆ ನೇರ ದಾರಿ. ನನ್ನ ಅಂಗೈಯ ಗುಳ್ಳೆ ಒಡೆದಿತ್ತು.

ಆಗ ಅವಳ ಮುಖ ಬದಲಾಯಿತು.

ಹುಬ್ಬು ಮೇಲಕ್ಕೆ ಹೋಯಿತು. ಬಾಯಿ ಅರ್ಧ ತೆರೆಯಿತು. ದಡದ ಕಡೆಯಿಂದ ಒಂದು ದೊಡ್ಡ ಕೂಗು ಎದ್ದಿತು. ಪಂದ್ಯದ ಕೂಗಲ್ಲ, ಬೇರೆಯೇ. ಅದರ ಜೊತೆಗೆ ನನ್ನ ಬೆನ್ನ ಹಿಂದೆ ದೂರದಲ್ಲಿ, ಹಬೆಯ ಕೊಳವೆ ಬಿಚ್ಚಿದ ಹಾಗೆ, ಫ್ಹೂ!

"ಏನಕ್ಕಾ? ಏನದು?"

"ಎಳೀರಿ. ತಿರುಗಿ ನೋಡ್ಬೇಡಿ."

"ಅಕ್ಕಾ!"

"ತಿಮಿಂಗಿಲ ಕಣ್ರೇ! ನಮ್ಮ ದಾರೀಲೇ! ಎಳೀರಿ ಅಂದೆ!"

ನಮ್ಮಲ್ಲಿ ಸೀದಾ ಕರಾವಳಿಯ ಬುಡದಿಂದಲೇ ಆಳ ಶುರು. ಹಾಗಾಗಿ ಅವು ಹತ್ತಿರ ಬರುವುದುಂಟು, ಆದರೆ ಪಂದ್ಯದ ನಡುವೆ ಎಂದೂ ಬಂದಿರಲಿಲ್ಲ. ಮುಂದಿನ ಮೂರು ದೋಣಿಗಳ ಚುಕ್ಕಾಣಿಯವರೂ ಹುಟ್ಟು ಎತ್ತಿಸಿ ನಿಲ್ಲಿಸಿದರು. ಎಲ್ಲರೂ ಬೇಟೆ ನಿಂತ ಮೇಲೆ ಹುಟ್ಟಿದವರು. ತಿಮಿಂಗಿಲ ಉಸಿರೆಳೆಯುತ್ತ ಮಲಗಿತ್ತು. ಒಂದು ಉಸಿರು, ಎರಡು, ಮೂರು. ಲುಡೊವಿನಕ್ಕನ ತುಟಿ ಎಣಿಸುತ್ತಿತ್ತು. ಅವಳೂ ನಮ್ಮ ವೇಗ ಇಳಿಸಿದಳು, ಆದರೆ ಬೇರೆಯವರ ಹಾಗೆ ನಿಲ್ಲಿಸಲಿಲ್ಲ. ನಾವು ಮೆಲ್ಲಗೆ ಹುಟ್ಟು ಅದ್ದುತ್ತ ಸಾಗಿದೆವು. ಬಳಿಕ ಅವಳ ಗಲ್ಲ ಮೇಲೆದ್ದಿತು, ಕಣ್ಣು ಆಕಾಶಕ್ಕೆ ಏರಿತು. ಯಾವುದೋ ದೊಡ್ಡದು ಅವಳೆದುರು ಎದ್ದು ನಿಂತಂತೆ. ಆಮೇಲೆ ಕಣ್ಣು ನಿಧಾನ ಕೆಳಗಿಳಿಯಿತು.

"ಬಾಲ ಎತ್ತಿತು," ಎಂದು ಉಸುರಿದಳು. ಮರುಕ್ಷಣ ಗಂಟಲು ಹರಿಯುವಂತೆ ಕೂಗಿದಳು. "ಬಾಲ ಎತ್ತಿತು! ಹೋಯ್ತು! ಇನ್ನು ಮುಕ್ಕಾಲು ಗಂಟೆ ಅದು ಮೇಲೆ ಬರಲ್ಲ! ಈಗ ಎಳೀರೇ, ನಿಮ್ಮಪ್ಪನಾಣೆ ಎಳೀರಿ!"

ಮುಂದಿನ ಮೂರು ದೋಣಿಗಳೂ ಭಯದಿಂದ ಎಡಕ್ಕೆ, ಬಲಕ್ಕೆ ಸುತ್ತು ಹಾಕಿಕೊಂಡು ಹೊರಟವು. ಎಲ್ಲಿ ಏಳುತ್ತದೋ, ಯಾವಾಗ ಏಳುತ್ತದೋ ಎಂದು. ಲುಡೊವಿನಕ್ಕ ನೇರ ಹೊಡೆದಳು. ನಮಗೆ ಗೊತ್ತಾದದ್ದು ದೋಣಿ ಅದರ ಮೇಲೆ ಹಾದಾಗ. ಸುತ್ತ ಅಲೆಗಳು ಕುಣಿಯುತ್ತಿದ್ದರೆ ನಡುವೆ ಒಂದು ದೊಡ್ಡ ವೃತ್ತ, ಎಣ್ಣೆ ಸುರಿದಂತೆ ನುಣುಪು. ತಿಮಿಂಗಿಲ ಮುಳುಗಿದ ಜಾಗ. ಅದು ನನ್ನ ಹುಟ್ಟಿನ ಕೆಳಗೆ ಸದ್ದಿಲ್ಲದೆ ಜಾರಿ ಹಿಂದೆ ಹೋಯಿತು. ನನ್ನ ಮೈಯ ಕೂದಲೆಲ್ಲ ನಿಮಿರಿ ನಿಂತಿತು. ಬೆನ್ನ ಹಿಂದೆ ಜಸಿಂತ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಆಮೇಲಿನದು ಬರೀ ತೋಳು, ಬೆನ್ನು, ಉಪ್ಪು. ಸುತ್ತು ಹಾಕಿದವರು ವಾಪಸ್ ದಾರಿಗೆ ಬಂದಾಗ ನಮ್ಮ ಬೆನ್ನಿಗೆ ಅಂಟಿಕೊಂಡೇ ಬಂದರು. ನಮಗೆ ಅವರ ಬೆನ್ನು ಕಾಣುತ್ತಿತ್ತು! ಹನ್ನೆರಡು ವರ್ಷದಲ್ಲಿ ಮೊದಲ ಸಲ ಬೇರೆಲ್ಲ ದೋಣಿಗಳ ಮೂತಿ ನನ್ನ ಕಣ್ಣೆದುರಿಗಿತ್ತು. ಅರ್ಧ ದೋಣಿಯಷ್ಟು ಅಂತರದಲ್ಲಿ ಗೆರೆ ದಾಟಿದೆವು. ಬ್ಯಾಂಡಿನವರು ಬಾರಿಸುವುದನ್ನೇ ಮರೆತಿದ್ದರು.

ದಡ ಹತ್ತಿದೊಡನೆ ಎರಡನೆಯದಾಗಿ ಬಂದ ತಂಡ ತಕರಾರು ಹೂಡಿತು. ತಿಮಿಂಗಿಲಕ್ಕೆ ಐವತ್ತು ಮೀಟರಿಗಿಂತ ಹತ್ತಿರ ಹೋಗಬಾರದು, ಇವರು ಅದರ ತಲೆಯ ಮೇಲೇ ಹೋದರು, ನಿಯಮ ಮುರಿದರು ಎಂದು. ಮೂವರು ತೀರ್ಪುಗಾರರು ಮೇಜಿನ ಸುತ್ತ ಕೂತರು. ಲುಡೊವಿನಕ್ಕನನ್ನು ಕರೆದರು.

"ಅದು ಹೋಯಿತು ಅಂತ ನಿಮಗೆ ಹೇಗೆ ಗೊತ್ತಾಯಿತು?"

"ಉಸಿರು ಎಣಿಸ್ದೆ. ಬಾಲ ನೋಡ್ದೆ. ಬಾಲ ನೆಟ್ಟಗೆ ಎತ್ತಿದ್ರೆ ಆಳಕ್ಕೆ ಇಳೀತು ಅಂತ."

"ಆದರೂ ಐವತ್ತು ಮೀಟರ್ ದೂರ..."

"ಇತ್ತಲ್ಲ! ನಾವು ಅಲ್ಲಿಗೆ ಹೋಗೋ ಹೊತ್ತಿಗೆ ಅದು ನೂರು ಮೀಟರ್ ಕೆಳಗಿತ್ತು. ಕೆಳಗಿನ ದೂರ ದೂರ ಅಲ್ವಾ ಸ್ವಾಮಿ?"

ಸುತ್ತ ನಿಂತಿದ್ದ ಮುದುಕರು ಗೊಳ್ಳೆಂದು ನಕ್ಕರು. ಎಲ್ಲರೂ ಒಂದು ಕಾಲದಲ್ಲಿ ಆ ದೋಣಿಗಳಲ್ಲಿ ಎಳೆದವರೇ. ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ ಸೆರಾಫಿಂ ಮೇಸ್ತ್ರಿಯನ್ನು ತೀರ್ಪುಗಾರರು ಕೇಳಿದರು. ಮೇಸ್ತ್ರಿ ಮೀಸೆ ತಿರುವಿ, "ಅವಳು ಹೇಳಿದ್ದು ಸರಿ. ನಾನಾಗಿದ್ರೂ ನೇರ ಹೋಗ್ತಿದ್ದೆ," ಎಂದರು. ಒಂದು ಕ್ಷಣ ಬಿಟ್ಟು, "ಆದ್ರೆ ಆ ತಿರುವು! ಥೂ, ಎತ್ತಿನ ಗಾಡಿ ತಿರುಗಿಸಿದ ಹಾಗೆ," ಎಂದರು.

"ಗಾಡಿ ಆದ್ರೂ ನಿಮ್ಮ ಹಾಗೆ ಬೀಳ್ಲಿಲ್ಲ ಮೇಸ್ತ್ರಿ," ಎಂದಳು ಲುಡೊವಿನಕ್ಕ.

ಗೆಲುವು ನಮ್ಮದೇ ಎಂದು ತೀರ್ಪಾಯಿತು. ವೆನಾನ್ಸಿಯು ಜನರನ್ನು ನೂಕಿಕೊಂಡು ಬಂದು ಹೆಂಡತಿಯನ್ನು ಎತ್ತಲು ಹೋದ, ಆಗಲಿಲ್ಲ. ಅವಳೇ ಅವನನ್ನು ಎತ್ತಿದಳು. ಆ ಸಂಜೆ ನಾವು ಏಳೂ ಜನ ಬಟ್ಟೆ ಸಮೇತ ಲಾವಾ ಕಲ್ಲಿನ ಈಜುಗುಂಡಿಗೆ ಹಾರಿದೆವು. ಉಪ್ಪುನೀರು ಅಂಗೈಯ ಗಾಯಗಳನ್ನು ಉರಿಸಿತು, ನಾವು ಕಿರುಚಿ ಕಿರುಚಿ ನಕ್ಕೆವು.

ಮಾರನೆಯ ವಾರ ದ್ರಾಕ್ಷಿ ಕೊಯ್ಲು ಶುರುವಾಯಿತು. ಲುಡೊವಿನಕ್ಕ ಬೆಳಗಿನಿಂದ ಬುಟ್ಟಿ ಹೊತ್ತಳು, ನಾವು ಆರೂ ಜನ ಕೈಗೆ ಬಟ್ಟೆ ಸುತ್ತಿಕೊಂಡು ನೆರವಿಗೆ ಹೋದೆವು. ಶನಿವಾರ ಮಧ್ಯಾಹ್ನ ಕೊನೆಯ ಗೊನೆ ಕಿತ್ತ ಮೇಲೆ ಅವಳು ಸೊಂಟದ ಮೇಲೆ ಕೈಯಿಟ್ಟು ಗಾಳಿ ಮೂಸಿದಳು.

"ನೈರುತ್ಯದಿಂದ ಬರ್ತಿದೆ. ಒಳ್ಳೇ ಗಾಳಿ. ಹಾಯಿ ಕಟ್ಟೋಣ್ವಾ?"

"ಯಾವ ಪಂದ್ಯ ಅಕ್ಕಾ?"

"ಪಂದ್ಯಾನೇ ಯಾಕ್ರೇ ಬೇಕು?"

ಅಷ್ಟರಲ್ಲಿ ಅವಳು ಪಾಗಾರ ಹಾರಿಯಾಗಿತ್ತು. ನಾವೂ ಹಾರಿದೆವು, ಒಬ್ಬರ ಹಿಂದೆ ಒಬ್ಬರು, ದ್ರಾಕ್ಷಿ ರಸ ಅಂಟಿದ ಕೈಗಳಲ್ಲೇ, ಕಾದ ಕಲ್ಲುಗಳ ಮೇಲೆ ಓಡಿ. ದೋಣಿಮನೆಯ ಬಾಗಿಲು ತೆರೆದಿತ್ತು. ಮೇಸ್ತ್ರಿ ಊರುಗೋಲು ಹಿಡಿದು ಹೊರಗೆ ಕೂತಿದ್ದರು. ನಮ್ಮನ್ನು ನೋಡಿ ಏನೋ ಗೊಣಗಿದರು, ಆದರೆ ಬೇಡ ಅನ್ನಲಿಲ್ಲ. ಹಾಯಿ ಉಬ್ಬಿತು. 'ಸಾಂತಾ ಇರಿಯ' ಒಂದು ಬದಿಗೆ ವಾಲಿ, ನೊರೆ ಸೀಳಿಕೊಂಡು, ತೆರೆದ ಸಮುದ್ರದ ಕಡೆ ಹಾರಿತು. ಲುಡೊವಿನಕ್ಕ ಚುಕ್ಕಾಣಿಗೆ ಮೈಯೊರಗಿಸಿ, ಮುಖಕ್ಕೆ ಬಡಿಯುವ ನೀರನ್ನು ಒರೆಸಿಕೊಳ್ಳದೆ, "ಇನ್ನೂ ಜೋರಾಗಿ ಹೋಗ್ಲಾ?" ಎಂದು ಕೂಗಿದಳು.

"ಹೋಗಕ್ಕಾ!" ಎಂದು ಆರೂ ಜನ ಕೂಗಿದೆವು.