ಸಿದ್ದಮ್ಮನ ಪಾತಿಯಲ್ಲಿ ತಲೆ ಬಗ್ಗಿಸಿದ ಮೊಗ್ಗು

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಬೀದಿದೀಪ ಇನ್ನೂ ಆರಿಲ್ಲ. ಕಾರ್ಖಾನೆಯೊಂದರ ಗೇಟಿನ ಒಳಗೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ತೋಟದ ಕೆಲಸದ ಸಿದ್ದಮ್ಮ ಹೂವಿನ ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಗ್ಗೊಂದನ್ನು ದಿಟ್ಟಿಸುತ್ತಿದ್ದಾರೆ. ಮೈತುಂಬ ರೋಮವಿರುವ ಹಸಿರು ಮೊಗ್ಗು ಕತ್ತು ಬಗ್ಗಿಸಿ ನೆಲ ನೋಡುತ್ತಿದೆ. ಪಕ್ಕದಲ್ಲಿ ನೆಲಕ್ಕೆ ಹಾಸುವ ಇಂಟರ್‌ಲಾಕ್ ಇಟ್ಟಿಗೆಯ ರಾಶಿ.

"ಏನಕ್ಕಾ, ಬಾಡೋಯ್ತಾ?" ಕಾವಲುಗಾರ ಪುಟ್ಟಸ್ವಾಮಿ ಗೇಟಿನಿಂದಲೇ ಕೇಳುತ್ತಾರೆ.

"ಬುಡ್ತು ಅನ್ನಪ್ಪ! ಹೊತ್ತಾರೆ ಎದ್ದು ಆಡೋ ಮಾತಾ ಇದು?"

ಗಾಬರಿಗೆ ಕಾರಣವಿದೆ. ಈ ಜಾಗದಲ್ಲಿ ಬೈಕ್ ನಿಲ್ಲಿಸೋಣ ಎನ್ನುವುದು ಮೇಲ್ವಿಚಾರಕ ಕೆಂಪರಾಜು ಅವರ ಯೋಚನೆ. ಸೋಮವಾರದ ಹೊತ್ತಿಗೆ ಕಣ್ಣಿಗೆ ಕಾಣುವಂತೆ ಏನಾದರೂ ಅರಳಿದರೆ ಪಾತಿ ಉಳಿಯುತ್ತದೆ, ಇಲ್ಲದಿದ್ದರೆ ಇಟ್ಟಿಗೆ ಬೀಳುತ್ತದೆ, ಸಿದ್ದಮ್ಮ ಒಳಗೆ ನೆಲ ಒರೆಸಲು ಹೋಗಬೇಕು. ಇಂದೇ ಸೋಮವಾರ.

ಕೆಂಪರಾಜು ಅವರನ್ನು ಪೂರ್ತಿ ದೂರುವಂತಿಲ್ಲ. ಚಳಿಗಾಲದಲ್ಲಿ ಇಲ್ಲಿ ಕಾಣುವುದು ಬರೀ ಮಣ್ಣು. ಆದರೆ ಮಣ್ಣಿನ ಕೆಳಗೆ ಸುಗಂಧರಾಜ, ಸಂಜೆಮಲ್ಲಿಗೆ, ಡೇರೆ ಗೆಡ್ಡೆಗಳು ಮಲಗಿವೆ. ಒಮ್ಮೆ ನೆಟ್ಟರೆ ಬಿಸಿಲು ಏರಿದಾಗ, ಮಳೆ ಬಿದ್ದಾಗ ತಾವಾಗಿಯೇ ಎದ್ದು ಬರುವ ಗಟ್ಟಿ ಪಿಂಡಗಳು. ಕನಕಪುರ ಸೀಮೆಯ ತಮ್ಮ ಹಿತ್ತಲಿನಿಂದ ಸಿದ್ದಮ್ಮ ಅವನ್ನು ಮಡಿಲಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ತಂದಿದ್ದರು. "ಆಗ ಇಲ್ಲಿ ಮಣ್ಣೆಲ್ಲಿತ್ತು? ಬರೀ ಕಾಂಕ್ರೀಟ್ ಚೂರು. ಆಯ್ದೂ ಆಯ್ದೂ ಉಗುರೇ ಕಿತ್ತೋಗಿದ್ವು" ಎನ್ನುತ್ತಾರೆ.

ಈ ಬಗ್ಗಿದ ಮೊಗ್ಗು ಮಾತ್ರ ಹೊರಗಿನ ನೆಂಟ. ಅಂದಕ್ಕೆಂದೇ ಬೆಳೆಸುವ ಕೆಂಪು ಗಸಗಸೆ ಹೂವಿನ ಬೀಜವನ್ನು ಆಫೀಸಿನ ಲತಾಮಣಿ ಊಟಿಯಿಂದ ತಂದುಕೊಟ್ಟಿದ್ದರು. ಪೊಟ್ಟಣ ಬಿಚ್ಚಿದ ಸಿದ್ದಮ್ಮನಿಗೆ ಅಚ್ಚರಿ: "ಇದೇನವ್ವಾ, ಪಾಯ್ಸಕ್ಕೆ ಹಾಕೋದಿದ್ದಂಗೈತೆ!"

ಮೊದಲ ಎರಡು ವರ್ಷ ಒಂದು ಹೂವೂ ಬಿಡಲಿಲ್ಲ. ರಾಗಿ ನಾಟಿ ಮಾಡಿ ಬೆಳೆದ ಕೈಯಲ್ಲವೇ, ಸಿದ್ದಮ್ಮ ಒಂದು ಮೂಲೆಯಲ್ಲಿ ಸಸಿಗೆಂದು ಒಟ್ಲು ಹಾಕಿ, ಪೈರು ಎದ್ದ ಮೇಲೆ ಕಿತ್ತು ಸಾಲಾಗಿ ನೆಟ್ಟರು. ಗಸಗಸೆಗೆ ಇರುವುದು ಒಂದು ಉದ್ದನೆಯ ತಾಯಿಬೇರು. ಅದನ್ನು ಅಲುಗಿಸಿದರೆ ಗಿಡ ಸತ್ತೇ ಹೋಗುತ್ತದೆ. "ಸಾಕೋಕೋಗಿ ನಾನೇ ಸಾಯಿಸ್ಬುಟ್ಟೆ" ಎಂದು ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. ಈ ಸಲ ಉಳಿದ ಬೀಜಕ್ಕೆ ಮರಳು ಬೆರೆಸಿ ಇದ್ದಲ್ಲೇ ಚೆಲ್ಲಿದರು. ಗಿಡವೇನೋ ಎದ್ದಿತು. ಆದರೆ ಮೊಗ್ಗುಗಳೆಲ್ಲ ತಲೆ ಬಗ್ಗಿಸಿದವು! ಮತ್ತೆ ಕೆಟ್ಟಿತಲ್ಲ ಎಂದು ಕಿತ್ತೆಸೆಯಲು ಹೋದ ಕೈ ಯಾಕೋ ಅರ್ಧಕ್ಕೇ ನಿಂತಿತು. "ತೆನೆ ತುಂಬಿದ್ರೆ ತಾನೇ ಬಗ್ಗೋದು? ಇದೂ ಹಂಗೇ ಇರ್ಬೋದು ಅಂತ ಬುಟ್ಟೆ."

ಬೆಳಕು ಹರಿಯುತ್ತಿದೆ. ಸಿದ್ದಮ್ಮ ಬಿಂದಿಗೆ ಹಿಡಿದು ಸಾಲಿನ ತುದಿಗೆ ಹೋದವರು ಹಾಗೇ ನಿಲ್ಲುತ್ತಾರೆ. ಅಲ್ಲೊಂದು ಮೊಗ್ಗು ಕತ್ತೆತ್ತಿ ನಿಂತಿದೆ. ಹಸಿರು ಸಿಪ್ಪೆ ಬಿರಿದು ಕೆಂಪು ಎಸಳು ಹೊರಬರುತ್ತಿದೆ, ಟ್ರಂಕಿನಿಂದ ಈಗಷ್ಟೇ ತೆಗೆದ ಸೀರೆಯಂತೆ ಸುಕ್ಕುಸುಕ್ಕಾಗಿ.

"ಅವ್ವಯ್ಯಾ! ಪುಟ್ಸಾಮಿ, ಬಾರಪ್ಪೋ ಇಲ್ಲಿ!"

ಇಟ್ಟಿಗೆ ಹಾಸುವವರ ಜೊತೆ ಬಂದ ಕೆಂಪರಾಜು ಸೀದಾ ಪಾತಿಗೇ ಕಾಲಿಟ್ಟು ಬಗ್ಗಿ ನೋಡುತ್ತಾರೆ.

"ಒಂದೇನಾ ಸಿದ್ದಮ್ಮ?"

"ಇವತ್ತಿಗೆ ಒಂದು ಸಾ. ಮಿಕ್ಕವು ತಲೆ ಎತ್ಬೇಕಲ್ಲ."

ಕೆಂಪರಾಜು ನಗುತ್ತಾರೆ. "ಆ ಗೋಡೆ ಕಡೆ ಹಾಸ್ರಪ್ಪಾ. ಇದನ್ನ ಮುಟ್ಬ್ಯಾಡಿ."

ಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಇನ್ನೇನು ಬೇಕಕ್ಕಾ ಎಂದು ಪುಟ್ಟಸ್ವಾಮಿ ಕೇಳಿದರೆ ಉತ್ತರ ಮೇಲ್ವಿಚಾರಕರಿಗೇ ಹೋಗುತ್ತದೆ:

"ಒಸಿ ಆಚೆಗ್ ನಿಂತ್ಕಳಿ ಸಾ. ನಿಮ್ ಕಾಲಡೀಲಿ ಸುಗಂಧರಾಜ ಮಲಗೈತೆ."