ಗೇಟಿನವರಿಗೆ ಅವಸರವಿತ್ತೇ?

ಆ ಭಾನುವಾರ ಬೆಳಿಗ್ಗೆ ಮೌಶಿಯ ಬೆರಳುಗಳೆಲ್ಲ ತಾಟಿನುಂಗಿನ ನೀರಿನಿಂದ ಅಂಟಂಟಾಗಿದ್ದವು. ಹಸ್ತಪ್ರತಿಗೆ ಕಲೆಯಾದೀತೆಂದು ಪುಟವನ್ನು ಮೊಣಕೈಯಿಂದ ಒತ್ತಿ ಹಿಡಿದಿದ್ದರು. ಸುಲಿದ ನುಂಗು ನನ್ನ ಬಟ್ಟಲಿಗೆ ಬೀಳುತ್ತಿತ್ತು, ನಾನು ಗಟ್ಟಿಯಾಗಿ ಓದುತ್ತಿದ್ದೆ. ವಿಶಾಖಪಟ್ಟಣದ ನಮ್ಮ ಬಾಡಿಗೆ ಮನೆಯಲ್ಲಿ ರಜೆಯ ದಿನಗಳು ಹೀಗೆಯೇ ಇರುತ್ತಿದ್ದವು.

ಮೌಶಿ ಎಂದರೆ ನನ್ನ ತಾಯಿಯ ತಂಗಿ. ಧಾರವಾಡದವರು. ವಿಜಯವಾಡದ ಗವರ್ನರ್‌ಪೇಟೆಯ ಬ್ಯಾಂಕೊಂದಕ್ಕೆ ವರ್ಗವಾಗಿ ಬಂದು, ತಾಯಿಯಿಲ್ಲದ ನನ್ನನ್ನು ಅಲ್ಲೇ ಬೆಳೆಸಿದರು. ನನಗೆ ವಿಶಾಖಪಟ್ಟಣದ ಹತ್ತಿರದ ಪರವಾಡದ ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಅವರು ನಿವೃತ್ತರಾಗಿದ್ದರು. ನನ್ನ ಜೊತೆಗೆ ಇಲ್ಲಿಗೆ ಬಂದರು. ಮಕ್ಕಳಿಗಾಗಿ ಕನ್ನಡದಲ್ಲಿ ಜೀವನಚರಿತ್ರೆ ಬರೆಯುತ್ತಿದ್ದರು. ದೊಡ್ಡ ಹೆಸರಿನವರದಲ್ಲ, ಯಾವುದಾದರೊಂದು ಕೆಲಸವನ್ನು ಚೆನ್ನಾಗಿ ಮಾಡಿ ಬದುಕಿದವರದು. ನಾನು ತೆಲುಗು ಶಾಲೆಯಲ್ಲಿ ಕಲಿತವಳು, ಕನ್ನಡವನ್ನು ತಡವರಿಸಿ ಓದುತ್ತಿದ್ದೆ. "ನೀ ಎಲ್ಲಿ ಎಡವತೀಯೋ ಅಲ್ಲೇ ಹುಡುಗೂರೂ ಎಡವತಾವ" ಎಂದು ಪ್ರತಿ ಪುಸ್ತಕವನ್ನೂ ಮೊದಲು ನನ್ನಿಂದಲೇ ಓದಿಸುತ್ತಿದ್ದರು.

ವಿಜಯವಾಡದ ಒನ್ ಟೌನಿನಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದ ಒಬ್ಬ ಅಜ್ಜಿಯ ಬಗ್ಗೆ ಬರೆಯುವಾಗ, ಮೌಶಿ ಸಗಟು ಅಂಗಡಿಯಲ್ಲಿ ಎರಡು ದಿನ ಸೀನುತ್ತಾ ಅಜ್ಜಿಯ ಪಕ್ಕದಲ್ಲೇ ಕೂತಿದ್ದರು. "ಅಮ್ಮಾ, ನಿಮಗೆ ಬೇಕಾದ್ದು ಮೆಣಸಿನಕಾಯೋ ಸೀನೋ?" ಎಂದು ಅಂಗಡಿಯವನು ತೆಲುಗಿನಲ್ಲಿ ಕೇಳಿದನಂತೆ. "ಎರಡೂ ಕಟ್ಟಿಕೊಡಪ್ಪಾ" ಎಂದರಂತೆ ಇವರು.

ಆ ಭಾನುವಾರ ಓದುತ್ತಿದ್ದದ್ದು ವಿಜಯವಾಡದಲ್ಲಿ ಕೃಷ್ಣೆಯ ಬ್ಯಾರೇಜಿನ ಗೇಟು ಎತ್ತುವ ಕೆಲಸದಲ್ಲಿದ್ದ, ಈಗ ಬದುಕಿಲ್ಲದ ಒಬ್ಬರ ಕಥೆ. ಕೊನೆಯ ಅಧ್ಯಾಯದಲ್ಲಿ ಪ್ರವಾಹ ಬರುತ್ತದೆ. 'ನದಿ ಉಕ್ಕುತ್ತಿತ್ತು. ಆದರೂ ಅವರಿಗೆ ಅವಸರವಿರಲಿಲ್ಲ' ಎಂದು ಓದಿ ನಿಲ್ಲಿಸಿದೆ.

"ಯಾಕ ಬೇಕಾಗಿರಲಿಲ್ಲ, ಮೌಶಿ?"

"ಏನು ಬೇಕಾಗಿರಲಿಲ್ಲ?"

"ಅವಸರ ಇರಲಿಲ್ಲಂತ ಬರದೀರಲ್ಲ. ಅಷ್ಟು ನೀರು ಬಂದಾಗ ಗೇಟ್ ಎತ್ತೂದು ಬ್ಯಾಡಾಗಿತ್ತೇನು?"

ತೆಲುಗಿನಲ್ಲಿ ಅವಸರವೆಂದರೆ ಅಗತ್ಯ. ಮೌಶಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯ ನಮ್ಮವ್ವ! ಅವಸರ ಅಂದ್ರ ಗಡಿಬಿಡಿ. ಇಷ್ಟ ವರ್ಷ ತಿಂದದ್ದು ನನ್ನ ಕೈ ರೊಟ್ಟಿ, ಬುದ್ಧಿ ಮಾತ್ರ ವಿಜಯವಾಡದ್ದು!"

ಆಮೇಲೆ ನಗು ನಿಂತಿತು. ಪುಟವನ್ನು ಇನ್ನೊಮ್ಮೆ ನೋಡಿದರು. "ಗಡಿಬಿಡಿ ಇರಲಿಲ್ಲಂತ ನನಗ ಯಾರು ಹೇಳ್ಯಾರ? ಯಾರೂ ಹೇಳಿಲ್ಲ. ಚಂದ ಕಾಣಸ್ತದಂತ ನಾನೇ ಹಚ್ಚೀನಿ."

ಕೈ ತೊಳೆದು ಬಂದು ಆ ಅಧ್ಯಾಯವನ್ನೆಲ್ಲ ಹೊಡೆದು ಹಾಕಿದರು. "ಮುಂದಿನ ವಾರ ಹೋಗಿ ಅವರ ಮಗಳನ್ನ ಕೇಳೂಣು. ತಿಳಿಯೂತನಕ ಈ ಪುಸ್ತಕ ಮುಗಿಯೂದಿಲ್ಲ. ದೊಡ್ಡವರಿಗೆ ಸುಳ್ಳ ಹೇಳಿದ್ರ ಮರೀತಾರ. ಹುಡುಗೂರು ಅದನ್ನ ಖರೇ ಅಂತ ಇಟಗೋತಾವ."

ಮರುದಿನ ನಾನು ಪಾಳಿಯಲ್ಲಿದ್ದಾಗ ಪಕ್ಕದ ಮನೆಯವರು ಫೋನ್ ಮಾಡಿದರು. ಕಂಪನಿಯ ಬಸ್ಸಿಗೆ ಕಾಯದೆ ಆಟೋದಲ್ಲಿ ಬಂದೆ. ಮೌಶಿಯ ಹೃದಯ ನಿಂತುಹೋಗಿತ್ತು.

ಇದ್ದಷ್ಟನ್ನೇ ಅಚ್ಚು ಮಾಡೋಣ ಎಂದರು ಹುಬ್ಬಳ್ಳಿಯ ಪ್ರಕಾಶಕರು. ನನಗೆ ಮನಸ್ಸು ಒಪ್ಪಲಿಲ್ಲ. ಒಂದು ತಿಂಗಳು ಕಳೆದ ಮೇಲೆ ವಿಜಯವಾಡಕ್ಕೆ ಹೋಗಿ ಗೇಟಿನವರ ಮಗಳನ್ನು ಕಂಡೆ. ಆ ದಿನ ನಿಮ್ಮ ತಂದೆ ಗಾಬರಿಯಿಲ್ಲದೆ ಇದ್ದರೇ ಎಂದು ಕೇಳಿದೆ.

ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ನಮ್ಮ ನಾನ್ನಗಾರಾ? ಕರೆ ಬಂದ ಕೂಡಲೇ ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದು ಕಾಲಿಗೆ ಅಮ್ಮನ ಚಪ್ಪಲಿ ಹಾಕ್ಕೊಂಡು ಓಡಿದ್ರಮ್ಮಾ! ಮೂರು ದಿನ ಅದರಲ್ಲೇ ನಿಂತು ಕೆಲಸ ಮಾಡಿದ್ರು. ಅಲ್ಲೀವರೆಗೂ ಅಮ್ಮ ಬರಿಗಾಲು" ಎಂದರು ತೆಲುಗಿನಲ್ಲಿ. ನಾನೂ ನಕ್ಕೆ. ಆ ಒಂದು ತಿಂಗಳಲ್ಲಿ ಅದೇ ಮೊದಲು.

ಕೊನೆಯ ಅಧ್ಯಾಯವನ್ನು ನಾನೇ ಬರೆದೆ. ನಾಲ್ಕು ಪುಟ, ಕನ್ನಡದಲ್ಲಿ. ಮೌಶಿಯ ಪಕ್ಕ ಕೂತು ಓದಿರದಿದ್ದರೆ ಒಂದು ಸಾಲೂ ಬರೆಯಲಾಗುತ್ತಿರಲಿಲ್ಲ. ಪುಸ್ತಕ ಈಗ ಬಂದಿದೆ, ಚೆನ್ನಾಗಿಯೇ ಕಾಣುತ್ತದೆ. ತರಗತಿಯಲ್ಲಿ ಓದಿಸಿದಾಗ ಮಕ್ಕಳು ಚಪ್ಪಲಿಯ ಪುಟವನ್ನು ಎರಡು ಸಲ ಓದಿಸಿಕೊಂಡರೆಂದು ಶಿಕ್ಷಕಿಯೊಬ್ಬರು ಕಾಗದ ಬರೆದಿದ್ದಾರೆ.

ಮೌಶಿ ಆ ಪುಟವನ್ನು ಓದಿಲ್ಲ.